ಬಬೋಲಾ ಪ್ಯೂರ್ ಡ್ರೈವ್: ಆಟ ಬಿಟ್ಟವರು ಮತ್ತೆ ಕೋರ್ಟಿಗೆ ಇಳಿದರೆ

ಮೊದಲೇ ಹೇಳಿಬಿಡುತ್ತೇನೆ. ಈ ಟೆನ್ನಿಸ್ ರ‍್ಯಾಕೆಟ್ ಚೆನ್ನಾಗಿದೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ಅದಕ್ಕೆ ಯಾವ ಗಟ್ (ಫ್ರೇಮಿಗೆ ಬಲೆಯ ಹಾಗೆ ಬಿಗಿಯುವ ದಾರ) ಹಾಕಿಸುತ್ತೀರಿ ಅನ್ನೋದರ ಮೇಲೆ ಅರ್ಧ ಕಥೆ ನಿಂತಿದೆ. ಆ ಅರ್ಧವನ್ನು ಅಂಗಡಿಯಲ್ಲಿ ಯಾರೂ ಹೇಳಲ್ಲ.

ಬರೆಯುತ್ತಿರುವವರು ಯಾರು ಅಂತಲೂ ಗೊತ್ತಿರಲಿ. ನನಗೀಗ 47. ಮೈಸೂರಿನಲ್ಲಿ ಬ್ಯಾಂಕ್ ಕೆಲಸ. ಕಾಲೇಜಿನಲ್ಲಿದ್ದಾಗ ಯೂನಿವರ್ಸಿಟಿ ತಂಡಕ್ಕೆ ಆಡಿದ್ದೆ. ಆಮೇಲೆ ನೌಕರಿ, ಮದುವೆ, ರಾಯಚೂರು, ಹಾಸನ ಅಂತ ವರ್ಗಾವಣೆ, ಇಬ್ಬರು ಮಕ್ಕಳು. ರ‍್ಯಾಕೆಟ್ ಅಟ್ಟ ಸೇರಿತು. ಈಗ ಮತ್ತೆ ಬೆಳಗ್ಗೆ ಎದ್ದು ಕ್ಲಬ್ಬಿಗೆ ಹೋಗುತ್ತೇನೆ. ಹಾಗಾಗಿ ಈ ಬರಹ ಅಕಾಡೆಮಿಯಲ್ಲಿ ದಿನಕ್ಕೆ ನಾಲ್ಕು ಗಂಟೆ ಆಡುವ ಹುಡುಗರಿಗಲ್ಲ. ಆಟ ಬಿಟ್ಟು, ವರ್ಷಗಟ್ಟಲೆ ಅದರ ಕಡೆ ತಿರುಗಿ ನೋಡದೆ, ಈಗ ‘ಇನ್ನೊಂದು ಸಲ ಆಡಿ ನೋಡೋಣ್ವಾ’ ಅಂತ ಒಳಗೊಳಗೇ ಲೆಕ್ಕ ಹಾಕುತ್ತಿರುವವರಿಗೆ.

ಇದೇ ರ‍್ಯಾಕೆಟ್ ಯಾಕೆ ಅಂದರೆ, ಕಿಮ್ ಕ್ಲೈಸ್ಟರ್ಸ್. ಮುಚ್ಚಿಡುವುದೇನಿದೆ, ಅಭಿಮಾನದಿಂದ ತೆಗೆದುಕೊಂಡೆ. ಬೆಲ್ಜಿಯಂನ ಈ ಹುಡುಗಿ 2007ರ ಮೇ ತಿಂಗಳಲ್ಲಿ, ಇನ್ನೂ 23ರ ವಯಸ್ಸಿನಲ್ಲಿ ಆಟ ಬಿಟ್ಟಳು. ಮೈಯೆಲ್ಲ ನೋವು, ಸಾಕಾಗಿತ್ತು. ಮದುವೆ ಆಯಿತು, 2008ರಲ್ಲಿ ಮಗಳು ಜಾಡಾ ಹುಟ್ಟಿದಳು. 2009ರ ಆಗಸ್ಟ್‌ನಲ್ಲಿ ವಾಪಸ್ ಬಂದಳು. ರ‍್ಯಾಂಕಿಂಗ್ ಅನ್ನೋದೇ ಇರಲಿಲ್ಲ. ವೈಲ್ಡ್ ಕಾರ್ಡ್ (ಆಯೋಜಕರು ಕೊಡುವ ವಿಶೇಷ ಪ್ರವೇಶ) ಕೇಳಿ ಪಡೆದು ಆಡಬೇಕಿತ್ತು. ಮೊದಲು ಸಿನ್ಸಿನಾಟಿ, ಆಮೇಲೆ ಟೊರಾಂಟೊ. ಮೂರನೇ ಟೂರ್ನಿಯೇ ಯು.ಎಸ್. ಓಪನ್. ಅಲ್ಲಿ ನಾಲ್ಕನೇ ಸುತ್ತಿನಲ್ಲಿ ವೀನಸ್ ವಿಲಿಯಮ್ಸ್ ಎದುರು 6-0, 0-6, 6-4. ಇಂಥ ಸ್ಕೋರ್ ನಮ್ಮ ಕ್ಲಬ್ಬಿನ ಭಾನುವಾರದ ಪಂದ್ಯಗಳಲ್ಲಿ ಮಾತ್ರ ಕಾಣುತ್ತೆ ಅಂದುಕೊಂಡಿದ್ದೆ! ಸೆಮಿಫೈನಲ್‌ನಲ್ಲಿ ಸೆರೀನಾ. ಆ ಪಂದ್ಯ ಮುಗಿದದ್ದು ಫುಟ್ ಫಾಲ್ಟ್ (ಸರ್ವ್ ಮಾಡುವಾಗ ಗೆರೆ ತುಳಿಯುವ ತಪ್ಪು) ಗಲಾಟೆಯ ನಂತರ ಕೊಟ್ಟ ಪೆನಾಲ್ಟಿ ಪಾಯಿಂಟ್‌ನಿಂದ. ಹಾಗಾಗಿ ಎಲ್ಲರೂ ಆ ಗಲಾಟೆಯನ್ನೇ ನೆನಪಿಟ್ಟುಕೊಂಡಿದ್ದಾರೆ. ಅಲ್ಲಿಯವರೆಗೂ ಕ್ಲೈಸ್ಟರ್ಸ್ ಎಷ್ಟು ಚೆನ್ನಾಗಿ ಆಡಿದ್ದಳು ಅನ್ನೋದು ಮರೆತೇಹೋಗಿದೆ. ಫೈನಲ್‌ನಲ್ಲಿ ಕ್ಯಾರೊಲಿನ್ ವೋಜ್ನಿಯಾಕಿಯನ್ನು 7-5, 6-3ರಿಂದ ಸೋಲಿಸಿ ಗೆದ್ದಳು. 1980ರಲ್ಲಿ ಇವಾನ್ ಗೂಲಾಗಾಂಗ್ ವಿಂಬಲ್ಡನ್ ಗೆದ್ದ ಮೇಲೆ ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಗೆದ್ದ ಮೊದಲ ತಾಯಿ. ಮುಂದಿನ ವರ್ಷ ಮತ್ತೆ ಯು.ಎಸ್. ಓಪನ್, 2011ರಲ್ಲಿ ಆಸ್ಟ್ರೇಲಿಯನ್ ಓಪನ್.

ಆಗೆಲ್ಲ ಅವಳ ಕೈಯಲ್ಲಿದ್ದದ್ದು ಬಬೋಲಾ. ನಾನು ಆಗ ಹಾಸನದಲ್ಲಿ, ಚಿಕ್ಕ ಮಗನಿಗೆ ಊಟ ಮಾಡಿಸುತ್ತಾ ಟಿವಿಯಲ್ಲಿ ನೋಡಿದ್ದು. ಆಗ ಹೊಟ್ಟೆಕಿಚ್ಚೇ ಜಾಸ್ತಿ ಇತ್ತು ಅನ್ನಿ.

ಈಗ ರ‍್ಯಾಕೆಟ್ ವಿಷಯ. ನಾನು ತೆಗೆದುಕೊಂಡದ್ದು 2021ರ ಮಾಡೆಲ್. ತಲೆ 100 ಚದರ ಇಂಚು, ಗಟ್ ಇಲ್ಲದೆ ತೂಕ 300 ಗ್ರಾಂ. 16 ಉದ್ದದ ಎಳೆ, 19 ಅಡ್ಡದ ಎಳೆ. ಫ್ರೇಮಿನ ದಪ್ಪ ನಡುವೆ 26 ಮಿಲಿಮೀಟರ್, ಎರಡೂ ತುದಿಯಲ್ಲಿ 23. ಅಟ್ಟದಲ್ಲಿದ್ದದ್ದು ಅಣ್ಣನಿಂದ ಬಂದ ವಿಲ್ಸನ್ ಪ್ರೊ ಸ್ಟಾಫ್. ತಲೆ ಬರೀ 85 ಚದರ ಇಂಚು, ಗಟ್ ಸೇರಿ 350 ಗ್ರಾಂ ಹತ್ತಿರ. ಪೀಟ್ ಸಾಂಪ್ರಾಸ್ ಆಡುತ್ತಿದ್ದದ್ದು ಅದರಲ್ಲೇ. ಚೆಂಡು ಸರಿಯಾಗಿ ಮಧ್ಯಕ್ಕೆ ಬಿದ್ದರೆ ಪ್ರೊ ಸ್ಟಾಫ್ ಕೊಡುವ ಸುಖ ಈ ಹೊಸದು ಕೊಡಲ್ಲ, ಅದು ನಿಜ. ಆದರೆ 47ರಲ್ಲಿ ಚೆಂಡು ಮಧ್ಯಕ್ಕೆ ಬೀಳುವುದು ಎಷ್ಟು ಸಲ?

ಪ್ಯೂರ್ ಡ್ರೈವ್‌ನಲ್ಲಿ ಮೊದಲು ಗೊತ್ತಾಗುವುದು ಸರ್ವ್. ಅಷ್ಟೇ ತೋಳು, ಅಷ್ಟೇ ಶ್ರಮ, ಚೆಂಡು ಒಂದಡಿ ಆಳಕ್ಕೆ ಹೋಗಿ ಬೀಳುತ್ತದೆ. ಕಾಲು ಸಮಯಕ್ಕೆ ತಲುಪದೆ ತಡವಾಗಿ ಬೀಸಿದ ಬ್ಯಾಕ್‌ಹ್ಯಾಂಡ್ ಕೂಡ ನೆಟ್ ದಾಟುತ್ತದೆ. ಮೊದಲಾಗಿದ್ದರೆ ಅದು ನೆಟ್ಟಿನ ಬುಡಕ್ಕೇ ಹೋಗುತ್ತಿತ್ತು. ಸರ್ವ್ ರಿಟರ್ನ್‌ಗೆ ಬೀಸಲೇ ಬೇಕಿಲ್ಲ, ಅಡ್ಡ ಹಿಡಿದರೆ ಸಾಕು. ದಪ್ಪ, ಬಿಗಿ ಫ್ರೇಮ್ ಆದ್ದರಿಂದ ಅದು ಬಾಗುವುದು ಕಡಿಮೆ. ಬಾಗದಿದ್ದರೆ ಶಕ್ತಿ ಫ್ರೇಮಿನಲ್ಲಿ ಕಳೆದುಹೋಗದೆ ಚೆಂಡಿಗೇ ವಾಪಸ್ ಹೋಗುತ್ತದೆ. ಅಷ್ಟೇ ಇದರ ಗುಟ್ಟು.

ಕೊರತೆಯೂ ಅಲ್ಲೇ ಇದೆ. ಸ್ಲೈಸ್, ಅಂದರೆ ಚೆಂಡಿನ ಅಡಿಯನ್ನು ಕೊಯ್ದ ಹಾಗೆ ಹೊಡೆದರೆ, ಚೆಂಡು ತೇಲುತ್ತದೆ. ನೆಟ್ ದಾಟಿದ ಕೂಡಲೇ ಬೀಳುವ ಡ್ರಾಪ್ ಶಾಟ್ ಹಾಕಿದರೆ ಎದುರಾಳಿಗೆ ಓಡಿ ಬಂದು, ಉಸಿರು ತೆಗೆದುಕೊಂಡು ಹೊಡೆಯುವಷ್ಟು ಪುರುಸೊತ್ತು ಸಿಗುತ್ತದೆ. ನಮ್ಮ ಮಣ್ಣಿನ ಕೋರ್ಟಿನಲ್ಲಿ ಸ್ಲೈಸ್ ಇಲ್ಲದೆ ಹಿರಿಯರ ಟೆನ್ನಿಸ್ ನಡೆಯಲ್ಲ. ಇದನ್ನು ಲೆಕ್ಕಕ್ಕಿಟ್ಟುಕೊಳ್ಳಿ. ವಾಲಿ (ಚೆಂಡು ಪುಟಿಯುವ ಮೊದಲೇ ಹೊಡೆಯುವುದು) ಪರವಾಗಿಲ್ಲ, ಆದರೆ ಕೈಗೆ ಚೆಂಡಿನ ಅಂದಾಜು ಸಿಗುವುದಕ್ಕೆ ಸಮಯ ಹಿಡಿಯುತ್ತದೆ.

ಹಾಗಾದರೆ ಹಳೇ ಪ್ರೊ ಸ್ಟಾಫ್‌ಗೇ ಹೊಸ ಗಟ್ ಹಾಕಿಸಿ ಆಡಬಹುದಿತ್ತಲ್ವಾ ಅಂತ ನನ್ನ ಗಂಡ ಕೇಳಿದರು. ಅವರಿಗೆ ಸ್ವೀಡನ್ನಿನ ಬಿಯಾನ್ ಬೋರ್ಗ್ ಕಥೆ ಹೇಳಿದೆ. 11 ಗ್ರ್ಯಾನ್‌ಸ್ಲಾಮ್ ಗೆದ್ದು 26ಕ್ಕೇ ಆಟ ಬಿಟ್ಟವನು 1991ರಲ್ಲಿ ಮಾಂಟೆ ಕಾರ್ಲೊಗೆ ವಾಪಸ್ ಬಂದ. ಕೈಯಲ್ಲಿ ಕಪ್ಪು ಬಣ್ಣ ಬಳಿದ ಮರದ ರ‍್ಯಾಕೆಟ್! ಟೂರಿನಲ್ಲಿ, ಅಂದರೆ ವೃತ್ತಿಪರ ಟೂರ್ನಿಗಳಲ್ಲಿ, ಉಳಿದವರೆಲ್ಲ ಮರ ಬಿಟ್ಟು ಗ್ರಾಫೈಟ್‌ಗೆ ಹೋಗಿ ವರ್ಷಗಳೇ ಆಗಿದ್ದವು. ಸ್ಪೇನ್‌ನ ಜೋರ್ಡಿ ಅರೆಸೆ 6-2, 6-3ಕ್ಕೆ ಮುಗಿಸಿಬಿಟ್ಟ. ಬೋರ್ಗ್ ಆಮೇಲೆ ಗ್ರಾಫೈಟ್ ಹಿಡಿದ. 1993ರವರೆಗೆ ಪ್ರಯತ್ನಪಟ್ಟರೂ ಟೂರಿನಲ್ಲಿ ಒಂದು ಪಂದ್ಯವೂ ಗೆಲ್ಲಲಿಲ್ಲ. ತಪ್ಪೆಲ್ಲ ಮರದ್ದೇ ಅನ್ನುವುದಕ್ಕೆ ಆಗಲ್ಲ. ಆದರೆ ಬಿಟ್ಟು ಹೋದ ಆಟ ನಮಗಾಗಿ ಅಲ್ಲೇ ಕಾದು ನಿಂತಿರುತ್ತದೆ ಅಂದುಕೊಂಡು ಬಂದರೆ ಏನಾಗುತ್ತದೆ ಅನ್ನೋದು ಅವತ್ತು ಎಲ್ಲರಿಗೂ ಕಂಡಿತು. ಗಂಡ ಮರುಮಾತಾಡಲಿಲ್ಲ. ಕಥೆ ಒಪ್ಪಿಗೆ ಆಯಿತೋ, ಸಾಕಪ್ಪ ಅನ್ನಿಸಿತೋ ಕೇಳಲಿಲ್ಲ.

ಈಗ ಗಟ್. ಇಲ್ಲಿ ಸ್ವಲ್ಪ ಸಿಟ್ಟಿದೆ, ಸಹಿಸಿಕೊಳ್ಳಿ.

ರ‍್ಯಾಕೆಟ್ ಬಂದ ಮೇಲೆ ಗಟ್ಟಿಂಗ್ ಮಾಡಿಸಲು ಒಂದು ಅಂಗಡಿಗೆ ಕೊಟ್ಟೆ. ಹೆಸರು ಬೇಡ. ವಯಸ್ಸೆಷ್ಟು, ವಾರಕ್ಕೆ ಎಷ್ಟು ದಿನ ಆಡುತ್ತೀರಿ, ಕೈ ಹೇಗಿದೆ, ಒಂದೂ ಕೇಳಲಿಲ್ಲ. ಪಾಲಿಯೆಸ್ಟರ್ ಗಟ್, 58 ಪೌಂಡ್ ಟೆನ್ಷನ್ (ಗಟ್ ಎಳೆದು ಕಟ್ಟುವ ಬಿಗಿ). “ಎಲ್ಲಾ ಆಟಗಾರರೂ ಇದನ್ನೇ ಹಾಕಿಸೋದು ಮೇಡಂ.” ಸರಿ ಅಂತ ತಂದೆ. ಮೊದಲ ವಾರ ಆಡಿದಾಗ ಒನಕೆಯಿಂದ ಕಲ್ಲಿಗೆ ಹೊಡೆದ ಹಾಗೆ ಮೊಣಕೈವರೆಗೂ ಝುಮ್ ಅನ್ನುತ್ತಿತ್ತು. ಆಮೇಲೆ ಬೆಳಗ್ಗೆ ಕಾಫಿ ಲೋಟ ಎತ್ತಿದರೂ ನೋವು. ನಮ್ಮ ಕ್ಲಬ್ಬಿನ ಮಾರ್ಕರ್ (ಸದಸ್ಯರ ಜೊತೆ ಆಡಿ ಅಭ್ಯಾಸ ಮಾಡಿಸುವವರು) ಒಂದೇ ಸಲ ಗಟ್ ಮೇಲೆ ಬೆರಳಾಡಿಸಿ, “ಇದನ್ನ ಕತ್ತರಿಸಿ ಬಿಸಾಡಿ ಮೇಡಂ, ಮಲ್ಟಿ (ಮಲ್ಟಿಫಿಲಮೆಂಟ್ ಗಟ್) ಹಾಕಿಸಿ, 50ರ ಮೇಲೆ ಹೋಗಬೇಡಿ” ಅಂದರು. ಇಪ್ಪತ್ತು ವರ್ಷದಿಂದ ಆ ಕೋರ್ಟಿನಲ್ಲೇ ಇರುವವರು. ಅವರ ಮಾತೇ ಸರಿಯಾಯಿತು.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಪಾಲಿಯೆಸ್ಟರ್ ಗಟ್ ನುಣುಪು, ಗಡಸು. ಚೆಂಡು ತಾಗಿದಾಗ ಉದ್ದದ ಎಳೆಗಳು ಪಕ್ಕಕ್ಕೆ ಜಾರಿ, ತಟ್ಟನೆ ವಾಪಸ್ ಬರುತ್ತವೆ. ಆ ವಾಪಸ್ ಬರುವಾಗಲೇ ಚೆಂಡಿಗೆ ತಿರುಗು (ಸ್ಪಿನ್) ಸಿಗುವುದು. 1997ರಲ್ಲಿ ಗುಸ್ತಾವೊ ಕುಯೆರ್ಟೆನ್ ಇಂಥ ಗಟ್ಟಿನಲ್ಲೇ ಫ್ರೆಂಚ್ ಓಪನ್ ಗೆದ್ದ. ಆಮೇಲೆ ಟೂರ್ ಪೂರ್ತಿ ಅದರ ಹಿಂದೆ ಬಿತ್ತು. ಜೋರಾಗಿ ಬೀಸಿದರೂ ಚೆಂಡು ಒಳಗೇ ಬೀಳುತ್ತದೆ ಅಂದರೆ ಯಾರು ಬಿಡುತ್ತಾರೆ? ತೊಂಬತ್ತರ ದಶಕದಲ್ಲಿ ಆಟ ಬಿಟ್ಟು ಹತ್ತು ವರ್ಷ ಆದಮೇಲೆ ವಾಪಸ್ ಬಂದವರಿಗೆ ಎದುರಾದದ್ದು ಈ ಹೊಸ ಆಟ. ಆದರೆ ಪಾಲಿ ಬೇಗ ಸತ್ತುಹೋಗುತ್ತದೆ. ಟೆನ್ಷನ್ ಇಳಿಯುತ್ತದೆ, ಪುಟಿಯುವ ಗುಣ ಹೋಗುತ್ತದೆ, ಗಡಸುತನ ಮಾತ್ರ ಉಳಿಯುತ್ತದೆ. ವೃತ್ತಿ ಆಟಗಾರರು ಪಂದ್ಯಕ್ಕೊಂದು ಸಲ ಕತ್ತರಿಸಿ ಹೊಸದು ಹಾಕಿಸುತ್ತಾರೆ. ನಾವು? ತುಂಡಾಗುವವರೆಗೂ ಆಡುತ್ತೇವೆ. ಅದು ತುಂಡಾಗುವುದೂ ಇಲ್ಲ.

ಇದಕ್ಕೆ ಪ್ಯೂರ್ ಡ್ರೈವ್‌ನಂಥ ಬಿಗಿ ಫ್ರೇಮ್ ಸೇರಿದರೆ ಎರಡು ಗಡಸು ಒಂದಾದವು. ಅದಕ್ಕೇ ಹೇಳಿದ್ದು, ಅರ್ಧ ಕಥೆ ಗಟ್ಟಿನದ್ದು. ಮಲ್ಟಿಫಿಲಮೆಂಟ್ ಅಂದರೆ ನೂರಾರು ಸಣ್ಣ ಎಳೆ ಸೇರಿಸಿ ಹೊಸೆದದ್ದು. ಫ್ರೇಮ್ ಮೇಲೆ ಬರೆದ ಟೆನ್ಷನ್ ಮಿತಿಯ ಕೆಳತುದಿಯಲ್ಲಿ ಅದನ್ನು ಹಾಕಿಸಿದ ಮೇಲೆ ಅದೇ ರ‍್ಯಾಕೆಟ್ ಬೇರೆಯೇ ಆಯಿತು. ಅಂದಹಾಗೆ ಬಬೋಲಾ ಕಂಪನಿ 1875ರಲ್ಲಿ ಫ್ರಾನ್ಸ್‌ನ ಲಿಯಾನ್‌ನಲ್ಲಿ ಶುರುವಾದದ್ದು ಪ್ರಾಣಿಯ ಕರುಳಿನ ಗಟ್ ಮಾಡುವುದಕ್ಕೇ. ರ‍್ಯಾಕೆಟ್ ಮಾಡಲು ಹೊರಟಿದ್ದು 1994ರಲ್ಲಿ. ಕರುಳಿನ ಗಟ್ ಈಗಲೂ ಸಿಗುತ್ತದೆ, ಕೈಗೆ ಅದರಷ್ಟು ಹಿತ ಬೇರೆ ಯಾವುದೂ ಇಲ್ಲ ಅಂತ ಹೇಳುತ್ತಾರೆ. ಬೆಲೆ ಕೇಳಿ ಸುಮ್ಮನಾದೆ. ಮನೆಯಲ್ಲಿ ಅತ್ತೆಗೆ ಅದು ಯಾವುದರಿಂದ ಮಾಡಿದ್ದು ಅಂತ ವಿವರಿಸುವ ಧೈರ್ಯವೂ ಇರಲಿಲ್ಲ.

ಮೊಣಕೈ ವಿಷಯ ಬಂದಾಗ ಜಸ್ಟಿನ್ ಹೆನಿನ್ ನೆನಪಾಗುತ್ತಾಳೆ. ಅವಳೂ ಬೆಲ್ಜಿಯಂನವಳೇ. 2008ರಲ್ಲಿ ನಂಬರ್ ಒನ್ ಆಗಿದ್ದಾಗಲೇ ಬಿಟ್ಟಳು. 2010ರ ಜನವರಿಯಲ್ಲಿ ವಾಪಸ್ ಬಂದು, ಎರಡನೇ ಟೂರ್ನಿಯಲ್ಲೇ ಆಸ್ಟ್ರೇಲಿಯನ್ ಓಪನ್ ಫೈನಲ್. ಅದೇ ವರ್ಷ ವಿಂಬಲ್ಡನ್‌ನಲ್ಲಿ, ಕ್ಲೈಸ್ಟರ್ಸ್ ಎದುರೇ ಆಡುವಾಗ ಬಿದ್ದು ಮೊಣಕೈ ಹೋಯಿತು. 2011ರ ಆರಂಭದಲ್ಲಿ ಮತ್ತೆ ವಿದಾಯ, 28ರ ವಯಸ್ಸಿಗೆ. ಅವಳದ್ದು ಬಿದ್ದು ಆದ ಪೆಟ್ಟು, ನಮ್ಮದು ಸವೆತ. ಎರಡೂ ಬೇರೆ. ಆದರೂ ಮೊಣಕೈ ಒಂದು ಸಲ ಮುನಿಸಿಕೊಂಡರೆ ಮನಸ್ಸು ಎಷ್ಟೇ ಮುಂದೆ ಎಳೆದರೂ ಆಟ ಅಲ್ಲಿಗೇ ನಿಲ್ಲುತ್ತದೆ.

ರ‍್ಯಾಕೆಟ್ ಏನು ಕೊಡಲ್ಲ ಅನ್ನುವುದಕ್ಕೂ ಕ್ಲೈಸ್ಟರ್ಸ್ ಕಥೆಯೇ ಸಾಕು. 2012ರಲ್ಲಿ ಎರಡನೇ ಸಲ ಬಿಟ್ಟವಳು 2020ರಲ್ಲಿ ಮೂರನೇ ಸಲ ಬಂದಳು. 36 ವಯಸ್ಸು, ಮೂರು ಮಕ್ಕಳು. ದುಬೈನಲ್ಲಿ ಗಾರ್ಬಿನ್ಯೆ ಮುಗುರುಸಾ ಎದುರು 6-2, 7-6ಕ್ಕೆ ಸೋತಳು. ಎರಡನೇ ಸೆಟ್ ನೋಡಿದವರಿಗೆ ಹಳೇ ಕಿಮ್ ಕಂಡಿದ್ದಳು. ಚೆಂಡು ಹೊಡೆಯುವುದು ಮರೆತಿರಲಿಲ್ಲ, ಕೈಗೆ ಏನೂ ಆಗಿರಲಿಲ್ಲ. ಚೆಂಡಿನ ಹತ್ತಿರ ಹೋಗುವುದೇ ಕಷ್ಟವಾಗಿತ್ತು. ಮಧ್ಯೆ ಕೊರೊನಾ ಬಂತು, ಶಸ್ತ್ರಚಿಕಿತ್ಸೆ ಆಯಿತು. ಒಟ್ಟು ಐದು ಸಿಂಗಲ್ಸ್ ಪಂದ್ಯ, ಐದೂ ಸೋಲು. 2022ರ ಏಪ್ರಿಲ್‌ನಲ್ಲಿ ಇನ್ನು ಸಾಕು ಅಂದಳು. ಅದೇ ಮನುಷ್ಯಳು, ಒಂದು ಸಲ ಎರಡು ವರ್ಷ ಬಿಟ್ಟು ಬಂದಾಗ ಚಾಂಪಿಯನ್, ಇನ್ನೊಂದು ಸಲ ಏಳೂವರೆ ವರ್ಷ ಬಿಟ್ಟು ಬಂದಾಗ ಒಂದು ಗೆಲುವೂ ಇಲ್ಲ. ನನ್ನ ಲೆಕ್ಕದಲ್ಲಿ ಇದಕ್ಕೆ ಕಾರಣ ಕಾಲು. ಕಾಲನ್ನು ಯಾವ ಕಂಪನಿಯೂ ಮಾರಲ್ಲ. ಹಾಗಾಗಿ ರ‍್ಯಾಕೆಟ್ ಕೊಳ್ಳುವ ಮೊದಲು ಸ್ಕಿಪ್ಪಿಂಗ್ ಹಗ್ಗ ಕೊಳ್ಳಿ, ಅಗ್ಗದಲ್ಲಿ ಸಿಗುತ್ತದೆ.

ಈ ಲೆಕ್ಕ ತಪ್ಪು ಅನ್ನುವವರೂ ಇದ್ದಾರೆ, ಅವರಿಗೂ ಸಾಕ್ಷಿ ಇದೆ. ಜಪಾನ್‌ನ ಕಿಮಿಕೊ ಡಾಟೆ 1996ರಲ್ಲಿ ಬಿಟ್ಟು 2008ರಲ್ಲಿ, 37ಕ್ಕೆ ವಾಪಸ್ ಬಂದಳು. ಮುಂದಿನ ವರ್ಷ ಸೋಲ್‌ನಲ್ಲಿ ಪ್ರಶಸ್ತಿ ಗೆದ್ದಳು. ಮಾರನೇ ದಿನ ಅವಳಿಗೆ 39 ತುಂಬಿತು! 2011ರ ವಿಂಬಲ್ಡನ್‌ನಲ್ಲಿ ವೀನಸ್‌ಗೆ ಬೆವರಿಳಿಸಿ, ಮೂರನೇ ಸೆಟ್‌ನಲ್ಲಿ 8-6ಕ್ಕೆ ಸೋತಳು. ಡಾಟೆ ಚೆಂಡು ಪುಟಿದ ತಕ್ಷಣ, ಇನ್ನೂ ಮೇಲೇಳುವಾಗಲೇ ಚಪ್ಪಟೆಯಾಗಿ ಹೊಡೆಯುತ್ತಿದ್ದಳು. ಹಿಂದೆ ಹೋಗುವುದೇ ಇಲ್ಲ. ಓಟ ಉಳಿಯುತ್ತದೆ, ಎದುರಾಳಿಯ ವೇಗವೇ ಸಾಕಾಗುತ್ತದೆ. ಹಾಗೆ ಆಡುವವರಿಗೆ ಪ್ಯೂರ್ ಡ್ರೈವ್ ತುಂಬ ಸಹಾಯ ಮಾಡುತ್ತದೆ, ನಾನು ಮಾಡಿ ನೋಡಿದ್ದೇನೆ. ಬೇಸ್‌ಲೈನ್ (ಕೋರ್ಟಿನ ಹಿಂದಿನ ಗೆರೆ) ಬಿಟ್ಟು ಹಿಂದೆ ಸರಿಯದಿದ್ದರೆ ಅರ್ಧ ಕೆಲಸ ರ‍್ಯಾಕೆಟ್ಟೇ ಮಾಡುತ್ತದೆ.

ಇನ್ನು ವೀನಸ್. 2025ರ ಜುಲೈನಲ್ಲಿ, 45ರ ವಯಸ್ಸಿನಲ್ಲಿ, 16 ತಿಂಗಳ ಮೇಲೆ ವಾಷಿಂಗ್ಟನ್‌ನಲ್ಲಿ ಆಡಿ ಪೇಟನ್ ಸ್ಟರ್ನ್ಸ್ ಅನ್ನುವ 23ರ ಹುಡುಗಿಯನ್ನು 6-3, 6-4ಕ್ಕೆ ಸೋಲಿಸಿದಳು. ಮಾರ್ಟಿನಾ ನವ್ರಾಟಿಲೋವಾ ಬಿಟ್ಟರೆ ಟೂರಿನಲ್ಲಿ ಸಿಂಗಲ್ಸ್ ಪಂದ್ಯ ಗೆದ್ದ ಅತಿ ಹಿರಿಯಳು ಇವಳೇ. ಹೆಲ್ತ್ ಇನ್ಶೂರೆನ್ಸ್‌ಗಾಗಿ ವಾಪಸ್ ಬಂದೆ ಅಂತ ನಗಿಸಿದಳು ಬೇರೆ. ಬ್ಯಾಂಕಿನವಳಾದ ನನಗೆ ಆ ಮಾತು ಬಹಳ ಹಿಡಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ತಂಗಿ ಸೆರೀನಾ ಹೆಸರು ಡೋಪಿಂಗ್ ಪರೀಕ್ಷೆಗೆ ಒಳಪಡುವವರ ಪಟ್ಟಿಯಲ್ಲಿ ಕಾಣಿಸಿ ಗುಲ್ಲೆದ್ದಿತು. ನಿವೃತ್ತರು ಮತ್ತೆ ಆಡಬೇಕಾದರೆ ಆರು ತಿಂಗಳು ಮೊದಲೇ ಆ ಪಟ್ಟಿಗೆ ಸೇರಿ, ಎಲ್ಲಿದ್ದೇನೆ ಅಂತ ತಿಳಿಸುತ್ತಾ ಇರಬೇಕು. ಅದಕ್ಕೇ ಜನ ಲೆಕ್ಕ ಹಾಕಿದ್ದು. ಸೆರೀನಾ ಮಾತ್ರ ಬರಲ್ಲ ಅಂತ ಕೂಡಲೇ ಬರೆದಳು. ಯಾರೂ ಪೂರ್ತಿ ನಂಬಲಿಲ್ಲ. ಸುಮ್ನೆ ಯಾರಾದರೂ ದಿನಾ ಲೆಕ್ಕ ಒಪ್ಪಿಸುವ ಪಟ್ಟಿಗೆ ಸೇರುತ್ತಾರಾ ಅಂತ ನಮ್ಮ ಕ್ಲಬ್ಬಿನಲ್ಲಿ ದೊಡ್ಡ ಚರ್ಚೆಯೇ ನಡೆಯಿತು.

ಡಬಲ್ಸ್ ಆಡುವವರಿಗೆ ಒಂದು ಮಾತು. ವಾಪಸ್ ಬಂದವರಿಗೆ ಡಬಲ್ಸ್ ಬಹಳ ಕೊಟ್ಟಿದೆ. ನವ್ರಾಟಿಲೋವಾ 2003ರಲ್ಲಿ ನಮ್ಮ ಲಿಯಾಂಡರ್ ಪೇಸ್ ಜೊತೆ ಆಸ್ಟ್ರೇಲಿಯನ್ ಓಪನ್, ವಿಂಬಲ್ಡನ್ ಮಿಕ್ಸೆಡ್ ಎರಡೂ ಗೆದ್ದಳು, 46ರಲ್ಲಿ. ಮಾರ್ಟಿನಾ ಹಿಂಗಿಸ್ 22ಕ್ಕೆ ಬಿಟ್ಟು, ಬಂದು, ಮತ್ತೆ ಬಿಟ್ಟು, 2013ರಲ್ಲಿ ಡಬಲ್ಸ್‌ಗೆ ಬಂದಳು. ಸಾನಿಯಾ ಮಿರ್ಜಾ ಜೊತೆ ಸೇರಿ ಸತತ 41 ಪಂದ್ಯ ಗೆದ್ದದ್ದು ಯಾರಿಗೆ ಮರೆತಿದೆ? ನಮ್ಮ ಕೊಡಗಿನ ರೋಹನ್ ಬೋಪಣ್ಣ ಮಂಡಿಯ ಮೃದ್ವಸ್ಥಿ ಸವೆದಿದ್ದರೂ ಅಯ್ಯಂಗಾರ್ ಯೋಗ ಮಾಡಿಕೊಂಡು 43ಕ್ಕೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಡಬಲ್ಸ್‌ನಲ್ಲಿ ಅರ್ಧ ಕೋರ್ಟ್ ಮಾತ್ರ ನಿಮ್ಮದು, ಕಾಲಿಗಿಂತ ಕೈಗೆ ಕೆಲಸ. ಆದರೆ ನೆಟ್ ಹತ್ತಿರದ ಆಟವೇ ನಿಮ್ಮದಾಗಿದ್ದರೆ ಪ್ಯೂರ್ ಡ್ರೈವ್ ನನ್ನ ಮೊದಲ ಆಯ್ಕೆ ಅಲ್ಲ. ತೆಳು ಫ್ರೇಮಿನ, ಸ್ವಲ್ಪ ಬಾಗುವ ರ‍್ಯಾಕೆಟ್ ನೋಡಿ. ಸರ್ವ್ ಮಾಡಿ ಹಿಂದೆ ನಿಂತು ಆಡುವವರಾದರೆ ಇದೇ ಸಾಕು.

ಕೊಳ್ಳುವವರಿಗೆ: 2025ರಲ್ಲಿ ಹೊಸ ಮಾಡೆಲ್ ಬಂದಿದೆ, ಹಾಗಾಗಿ ಹಳೆಯದು ಎಲ್ಲಾದರೂ ಸಿಕ್ಕಿದರೆ ಬಿಡಬೇಡಿ. ನನಗೆ 14,500ಕ್ಕೆ ಸಿಕ್ಕಿತು. ಹಳೆಯದು, ಹೊಸದು ಎರಡರ ಅಳತೆಯೂ ಹೆಚ್ಚು ಕಡಿಮೆ ಒಂದೇ. ಭುಜದಲ್ಲಿ ಶಕ್ತಿ ಇಲ್ಲ ಅನ್ನಿಸಿದರೆ ಇದರಲ್ಲೇ 285 ಗ್ರಾಂನ ‘ಟೀಮ್’ ಇದೆ, ನಮ್ಮ ವಯಸ್ಸಿನ ಬಹಳ ಜನಕ್ಕೆ ಅದೇ ಸರಿ ಅಂತ ನನ್ನ ಅಭಿಪ್ರಾಯ. 270 ಗ್ರಾಂನ ‘ಲೈಟ್’ ಬೇಡ, ಜೋರು ಚೆಂಡು ಬಂದರೆ ಕೈಯಲ್ಲೇ ತಿರುಗಿಬಿಡುತ್ತದೆ. ಗ್ರಿಪ್ ಸೈಜ್ ಅಂಗಡಿಯಲ್ಲಿ ಹಿಡಿದೇ ನೋಡಿ, ಆನ್‌ಲೈನ್‌ನಲ್ಲಿ ಅಂದಾಜಿನ ಮೇಲೆ ತರಿಸಬೇಡಿ. ಈಗಾಗಲೇ ಟೆನ್ನಿಸ್ ಎಲ್ಬೋ (ಮೊಣಕೈ ನೋವು) ಇರುವವರು ಈ ರ‍್ಯಾಕೆಟ್ ಸಹವಾಸಕ್ಕೇ ಹೋಗಬೇಡಿ, ಮಲ್ಟಿ ಹಾಕಿಸಿದರೂ ಅಷ್ಟೇ. ಉಳಿದವರು ಗಟ್ಟಿಂಗ್ ಮಾಡಿಸುವಾಗ ಪಕ್ಕದಲ್ಲೇ ನಿಂತಿರಿ. ಮೆಷಿನ್ ಮೇಲಿನ ಟೆನ್ಷನ್ ಎಷ್ಟಿದೆ ಅಂತ ನೀವೇ ಓದಿ, ಆಮೇಲೆ ಎಳೆಯಲು ಹೇಳಿ.